ಎಸ್ಸೆಸ್ಸೆಲ್ಸಿಯ ಕವಲುದಾರಿ: ಪಿಯುಸಿಯೋ, ಡಿಪ್ಲೊಮಾವೋ?

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದ ತಿಂಗಳು. ನಮ್ಮ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಕಡೆಯ ಮನೆಗಳಲ್ಲಿ ಅದು ಅಂಕಪಟ್ಟಿಯ ತಿಂಗಳೂ ಹೌದು. ಸಂಜೆ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಮಾತನಾಡುವುದು ಒಂದೇ ವಿಷಯ: ಹತ್ತನೆಯ ತರಗತಿ ಮುಗಿಸಿದ ಮಗುವನ್ನು ಮುಂದೆ ಎಲ್ಲಿಗೆ ಸೇರಿಸುವುದು? ಆ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗದಿದ್ದರೆ ಭಾನುವಾರದ ಬಲಿಪೂಜೆಯ ನಂತರ ಅದು ಧರ್ಮಗುರುವಿನ ಬಾಗಿಲಿಗೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಅಂತಹ ಒಂದು ಭಾನುವಾರ ಗಾರೆ ಕೆಲಸದ ಮೇಸ್ತ್ರಿಯೊಬ್ಬರು ಮಗನನ್ನು ಕರೆದುಕೊಂಡು ಬಂದರು. "ಸ್ತೋತ್ರ ಸ್ವಾಮಿ" ಎಂದು ಕೈಮುಗಿದು, ಮಡಿಚಿಟ್ಟಿದ್ದ ಅಂಕಪಟ್ಟಿಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. 625ಕ್ಕೆ 468. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಗಣಿತದಲ್ಲಿ ಒಳ್ಳೆಯ ಅಂಕ, ಇಂಗ್ಲಿಷಿನಲ್ಲಿ ಸಾಧಾರಣ. ತಂದೆಯ ನಿರ್ಧಾರ ಆಗಲೇ ಆಗಿಹೋಗಿತ್ತು. ನಾಲೆಯ ಬಯಲಿನಲ್ಲಿರುವ ಮೂವತ್ತು ಗುಂಟೆ ಗದ್ದೆಯನ್ನು ಅಡವಿಟ್ಟು, ದೂರದ ನಗರದ ಖಾಸಗಿ ಕಾಲೇಜೊಂದರಲ್ಲಿ, ಹಾಸ್ಟೆಲ್ ಮತ್ತು ಪ್ರವೇಶ ಪರೀಕ್ಷೆಯ ತರಬೇತಿ ಸೇರಿದಂತೆ, ಪಿಯುಸಿ ವಿಜ್ಞಾನಕ್ಕೆ ಸೇರಿಸುವುದು. ಹುಡುಗನಿಗೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವ ಆಸೆ. ಊರಿನ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನ ರಜೆಯೆಲ್ಲ ಕಳೆದಿತ್ತು.

"ಕೈ ಕೆಲಸ ನನ್ನ ತಲೆಗೇ ಮುಗಿದುಹೋಗಲಿ ಸ್ವಾಮಿ. ಇವನಿಗೆ ನೀವೇ ಎರಡು ಮಾತು ಹೇಳಿ" ಎಂದರು ಮೇಸ್ತ್ರಿ.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಆ ಎರಡು ಮಾತು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅದಕ್ಕೆ ಕಾರಣವಿತ್ತು.

ಒಂದು ಹಳೆಯ ತಪ್ಪು

ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ನಾನು ಇನ್ನೂ ಹೊಸಬನಾಗಿದ್ದಾಗ, ಇಂತಹುದೇ ಸಂದರ್ಭದಲ್ಲಿ ಧಾರಾಳವಾಗಿ ಮಾತನಾಡಿದ್ದೆ. ಹೋಬಳಿಗೇ ಮೊದಲಿಗಳಾಗಿ ತೇರ್ಗಡೆಯಾದ ಹುಡುಗಿಯೊಬ್ಬಳನ್ನು ತಂದೆತಾಯಿಗಳು ಹತ್ತಿರದ ಪಟ್ಟಣದಲ್ಲಿ ವಾಣಿಜ್ಯ ವಿಭಾಗಕ್ಕೆ ಸೇರಿಸಬೇಕೆಂದಿದ್ದರು. ಶುಭಸಂದೇಶದಲ್ಲಿ ಬರುವ ತಲೆಂತುಗಳ ಸಾಮತಿಯನ್ನು ನೆನಪಿಸಿ, ದೇವರು ಕೊಟ್ಟ ಪ್ರತಿಭೆಯನ್ನು ನೆಲದಲ್ಲಿ ಹೂಳಬಾರದೆಂದು ವಾದಿಸಿ, ಅವಳನ್ನು ನಗರದ ಹಾಸ್ಟೆಲಿಗೆ ಕಳುಹಿಸಿ ವಿಜ್ಞಾನಕ್ಕೆ ಸೇರಿಸಿದವನು ನಾನು. ಶುಲ್ಕಕ್ಕೆ ಸಹಾಯವನ್ನೂ ಹೊಂದಿಸಿದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಆ ಮಗು ಒಮ್ಮೆಲೇ ಇಂಗ್ಲಿಷಿನಲ್ಲಿ ಹರಿದುಬಂದ ಭೌತಶಾಸ್ತ್ರದ ಎದುರು ಮೂಕಳಾದಳು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ನಪಾಸಾದಳು. ಪೂರಕ ಪರೀಕ್ಷೆಯಲ್ಲಿಯೂ ಹಾಗೆಯೇ ಆಯಿತು. ಊರಿಗೆ ಮರಳಿದವಳು ನಾಚಿಕೆಯಿಂದ ತಿಂಗಳುಗಟ್ಟಲೆ ದೇವಾಲಯಕ್ಕೂ ಬರಲಿಲ್ಲ.

ವರ್ಷಗಳ ನಂತರ ಒಂದು ಮದುವೆಯ ಮನೆಯಲ್ಲಿ ಆಕೆ ಎದುರಾದಾಗ ನಾನು ಕ್ಷಮೆ ಕೇಳಿದೆ. ಆಕೆಯ ಮುಖದಲ್ಲಿ ಕಹಿಯಿರಲಿಲ್ಲ. "ನೀವು ಒಳ್ಳೆಯದಕ್ಕೇ ಹೇಳಿದಿರಿ ಸ್ವಾಮಿ. ಆದರೆ ನಿನಗೇನು ಇಷ್ಟ ಎಂದು ಅಪ್ಪನೂ ಕೇಳಲಿಲ್ಲ, ನೀವೂ ಕೇಳಲಿಲ್ಲ" ಎಂದಳು. ಸೆಮಿನರಿಯಲ್ಲಿ ಹಲವು ವರ್ಷ ತತ್ತ್ವಶಾಸ್ತ್ರ ಓದಿದ ನನಗೆ ಆ ಒಂದು ವಾಕ್ಯ ಕಲಿಸಿದಷ್ಟನ್ನು ಯಾವ ಗ್ರಂಥವೂ ಕಲಿಸಿರಲಿಲ್ಲ. ಆದ್ದರಿಂದ ಮೇಸ್ತ್ರಿಗೆ ಅಂದು ಹೇಳಿದ್ದು ಇಷ್ಟೇ: "ಒಂದು ವಾರ ಸಮಯ ಕೊಡಿ. ಇರುವ ದಾರಿಗಳನ್ನು ಮೊದಲು ಸರಿಯಾಗಿ ತಿಳಿಯೋಣ."

ಇರುವ ದಾರಿಗಳು

ಆ ವಾರದಲ್ಲಿ ತಿಳಿದುಕೊಂಡದ್ದನ್ನು ಎಲ್ಲ ಪೋಷಕರ ಅನುಕೂಲಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ನಂತರ ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಎರಡು ವರ್ಷದ ಪದವಿಪೂರ್ವ ಶಿಕ್ಷಣ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳು. ಕಲೆ, ವಾಣಿಜ್ಯ, ವಿಜ್ಞಾನವೆಂಬ ಮೂರು ವಿಭಾಗಗಳು. ಎರಡನೆಯದು ಮೂರು ವರ್ಷ, ಅಂದರೆ ಆರು ಸೆಮಿಸ್ಟರುಗಳ ಪಾಲಿಟೆಕ್ನಿಕ್ ಡಿಪ್ಲೊಮಾ. ಮೂರನೆಯದು ಒಂದು ಅಥವಾ ಎರಡು ವರ್ಷದ ಐಟಿಐ. ಅದರಲ್ಲಿ ವೆಲ್ಡರ್ ವೃತ್ತಿಗೆ ಒಂದು ವರ್ಷ. ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದವಕ್ಕೆ ಎರಡು ವರ್ಷ. ಒಂದು ಕಾಲಕ್ಕೆ ಪದವಿಪೂರ್ವ ಕಾಲೇಜುಗಳಲ್ಲಿಯೇ ನಡೆಯುತ್ತಿದ್ದ ಜೆಒಸಿ ಎಂಬ ವೃತ್ತಿಶಿಕ್ಷಣ ತರಗತಿಗಳನ್ನು ಹಿರಿಯರು ಈಗಲೂ ವಿಚಾರಿಸುತ್ತಾರೆ. ಅವು ಮುಚ್ಚಿಹೋಗಿ ಹತ್ತು ವರ್ಷಕ್ಕೂ ಮೇಲಾಯಿತು.

ಇಂಜಿನಿಯರ್ ಆಗಬೇಕಾದರೆ ಪಿಯುಸಿಯೊಂದೇ ದಾರಿ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ. ಅದು ಮುಗಿದ ಮೇಲೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ.ಯ ಎರಡನೆಯ ವರ್ಷಕ್ಕೇ ನೇರ ಪ್ರವೇಶ, ಉಳಿದದ್ದು ಮೂರು ವರ್ಷ. ಒಟ್ಟು ಅದೂ ಆರೇ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಆ ದಾರಿಯಲ್ಲಿ ಹೊರಟವನು ಏಳು ವರ್ಷಕ್ಕೆ ಅದೇ ಊರು ತಲುಪಬಲ್ಲ. ವ್ಯತ್ಯಾಸವಿರುವುದು ನಡುವಿನ ನಿಲ್ದಾಣಗಳಲ್ಲಿ. ಮನೆಯ ಕಷ್ಟದಿಂದ ಓದು ನಿಂತರೆ, ವಿಜ್ಞಾನದ ಪಿಯುಸಿ ಮುಗಿಸಿದವನ ಕೈಯಲ್ಲಿ ಒಂದು ಅಂಕಪಟ್ಟಿಯಿರುತ್ತದೆ. ಡಿಪ್ಲೊಮಾ ಮುಗಿಸಿದವನ ಕೈಯಲ್ಲಿ ಒಂದು ವೃತ್ತಿಯಿರುತ್ತದೆ. ವಿದ್ಯುತ್ ಸರಬರಾಜು ಕಂಪನಿಗಳ ಕಿರಿಯ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಅರ್ಹತೆಯಾಗಿದೆ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಐಟಿಐ ಪ್ರಮಾಣಪತ್ರದ ಮೇಲೆ ಅರ್ಜಿ ಹಾಕಬಹುದು. 1961ರ ಅಪ್ರೆಂಟಿಸ್ ಕಾಯಿದೆಯಡಿ ಮೈಸೂರಿನ ರೈಲ್ವೆ ಕಾರ್ಯಾಗಾರದಂತಹ ಸ್ಥಳಗಳಲ್ಲಿ ಸಂಭಾವನೆ ಪಡೆಯುತ್ತಲೇ ಕೆಲಸ ಕಲಿಯಬಹುದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಪುಡಿಯಿಂದ ಔಷಧಿಯವರೆಗೆ, ಬಣ್ಣದಿಂದ ವಿದ್ಯುನ್ಮಾನ ಫಲಕಗಳವರೆಗೆ ತಯಾರಿಸುವ ಕಾರ್ಖಾನೆಗಳು ನಮ್ಮ ಕಣ್ಣೆದುರಿಗೇ ಇವೆ. ಆ ಯಂತ್ರಗಳನ್ನು ನಡೆಸುವವರೂ ದುರಸ್ತಿ ಮಾಡುವವರೂ ಬಹುಮಟ್ಟಿಗೆ ಇಂತಹ ತರಬೇತಿ ಪಡೆದವರೇ.

ಐಟಿಐ ಎಂದರೆ ಹಳೆಯ ಅರ ಮತ್ತು ಸುತ್ತಿಗೆ ಎಂದು ತಿಳಿದವರು ಒಮ್ಮೆ ಒಳಗೆ ಹೋಗಿ ನೋಡಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಆಧುನಿಕ ಯಂತ್ರಗಳೊಡನೆ ನವೀಕರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಪಿಯುಸಿಯನ್ನು ಹಗುರವಾಗಿ ಕಾಣಬೇಕೆಂದಲ್ಲ. ಕೆಲವು ಬಾಗಿಲುಗಳು ಪಿಯುಸಿಯಿಂದ ಮಾತ್ರ ತೆರೆಯುತ್ತವೆ. ವೈದ್ಯರಾಗಬೇಕೆಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೊಡನೆ ಹನ್ನೆರಡನೆಯ ತರಗತಿ ಮುಗಿಸಿ ನೀಟ್ ಬರೆಯಲೇಬೇಕು. ಡಿಪ್ಲೊಮಾದಿಂದ ಅಲ್ಲಿಗೆ ದಾರಿಯಿಲ್ಲ. ನಮ್ಮ ಸಮುದಾಯದ ಹೆಣ್ಣುಮಕ್ಕಳು ಹೆಚ್ಚಾಗಿ ಆರಿಸಿಕೊಳ್ಳುವ ಶುಶ್ರೂಷೆಯ ವೃತ್ತಿಗೆ ಬಿ.ಎಸ್ಸಿ. ನರ್ಸಿಂಗ್ ಆಗಲಿ, ಜಿಎನ್‌ಎಂ ಆಗಲಿ, ಪಿಯುಸಿ ಬೇಕೇಬೇಕು. ಶಿಕ್ಷಕರ ತರಬೇತಿಗೂ ಐದು ವರ್ಷದ ಕಾನೂನು ಪದವಿಗೂ ಅದೇ ಬುನಾದಿ. ಡಿಪ್ಲೊಮಾದಿಂದ ಬಿ.ಇ.ಗೆ ಹೋದವರಿಗೆ ಅಲ್ಲಿನ ಗಣಿತ ಕಠಿಣವಾಗುತ್ತದೆ ಎಂಬುದೂ ನಿಜ. ಪಿಯುಸಿಯವರು ಮೊದಲ ವರ್ಷ ಓದಿ ಬಂದದ್ದನ್ನು ಇವರು ಹೆಚ್ಚುವರಿಯಾಗಿ ಕಲಿಯಬೇಕಾಗುತ್ತದೆ. ಮೂರನೆಯ ಸೆಮಿಸ್ಟರಿನ ವೇಳೆಗೆ ಮನಸ್ಸು ಬದಲಾಯಿಸಿ ಡಿಪ್ಲೊಮಾ ಬಿಟ್ಟರೆ, ಕಳೆದ ಕಾಲಕ್ಕೆ ಪ್ರತಿಫಲವಾಗಿ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪರೀಕ್ಷೆಯ ಸ್ವರೂಪವನ್ನೂ ಗಮನಿಸಬೇಕು. ಇಂಜಿನಿಯರಿಂಗ್ ಸೀಟಿಗೆ ಸಿಇಟಿಯ ರ‍್ಯಾಂಕ್ ನಿರ್ಧರಿಸುವಾಗ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಪ್ರವೇಶ ಪರೀಕ್ಷೆಗೆ ಅರ್ಧ ಬೆಲೆ. ಎರಡು ವರ್ಷದ ದುಡಿಮೆಯೆಲ್ಲ ಕೆಲವೇ ದಿನಗಳ ಬರವಣಿಗೆಯಲ್ಲಿ ತೂಗಲ್ಪಡುತ್ತದೆ. ಡಿಪ್ಲೊಮಾದಲ್ಲಿ ಆರು ಸೆಮಿಸ್ಟರುಗಳ ಕೆಲಸ ಅಲ್ಲಲ್ಲಿಯೇ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಒಂದೇ ಓಟದಲ್ಲಿ ಗೆಲ್ಲುವ ಮಕ್ಕಳಿದ್ದಾರೆ, ನಿಧಾನವಾಗಿ ನಡೆದು ದೂರ ಹೋಗುವ ಮಕ್ಕಳೂ ಇದ್ದಾರೆ. ನಿಮ್ಮ ಮಗು ಯಾವ ನಡಿಗೆಯದು ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಹತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಹೇಳಬಲ್ಲರು.

ಹೊರಗಿನ ಜಗತ್ತಿನಲ್ಲಿ

ಈ ಇಕ್ಕಟ್ಟು ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಇಂತಹುದೇ ಕವಲಿನಲ್ಲಿ ನಿಲ್ಲುತ್ತವೆ. ಅಲ್ಲಿನ ಪ್ರೌಢಶಾಲೆಗಳಲ್ಲಿ ಜಾಣ ಮಕ್ಕಳಿಗಾಗಿ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ಮೇಲ್ಮಟ್ಟದ ತರಗತಿಗಳಿವೆ. 1950ರ ದಶಕದಲ್ಲಿ ಆರಂಭವಾದವು. ವರ್ಷದ ಕೊನೆಗೆ, ಮೇ ತಿಂಗಳಿನಲ್ಲಿ, ಒಂದು ಪರೀಕ್ಷೆ. ಒಂದರಿಂದ ಐದರವರೆಗಿನ ಶ್ರೇಣಿಯಲ್ಲಿ ಫಲಿತಾಂಶ. ಒಳ್ಳೆಯ ಶ್ರೇಣಿ ಬಂದರೆ ಅನೇಕ ವಿಶ್ವವಿದ್ಯಾನಿಲಯಗಳು ಅದನ್ನು ತಮ್ಮ ಪಾಠದ ಬದಲಿಗೆ ಪರಿಗಣಿಸುತ್ತವೆ. ಅದರ ಎದುರಿಗೆ ಕಮ್ಯೂನಿಟಿ ಕಾಲೇಜು, ಅಂದರೆ ಸಮುದಾಯ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರಂಭವಾದ ಕಿರಿಯ ಕಾಲೇಜಿನಿಂದ ಬೆಳೆದು ಬಂದ ಪದ್ಧತಿ ಇದು. ಮನೆಯ ಹತ್ತಿರ, ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಬೇಕಾದರೆ ಕೆಲಸಕ್ಕೆ ಸೇರಬಹುದು, ಬೇಕಾದರೆ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ದಾಟಬಹುದು. ಪ್ರೌಢಶಾಲೆಯಲ್ಲಿ ಇರುವಾಗಲೇ ಅಲ್ಲಿನ ಪಾಠಗಳಿಗೆ ಸೇರುವ ಅವಕಾಶವೂ ಅನೇಕ ಕಡೆ ಇದೆ. ಅಲ್ಲಿನ ತಂದೆತಾಯಿಗಳಿಗೂ ಮೊದಲನೆಯದು ಗೌರವದ ದಾರಿ, ಎರಡನೆಯದು ಕೈಲಾಗದವರ ದಾರಿ ಎಂಬ ಭ್ರಮೆ ಇದ್ದೇ ಇದೆ. ಶ್ರೀಮಂತ ದೇಶಕ್ಕೆ ಹೋದ ಮಾತ್ರಕ್ಕೆ ಮನುಷ್ಯನ ಅಂಜಿಕೆಗಳು ಬದಲಾಗುವುದಿಲ್ಲ.

ಈ ಸಮುದಾಯ ಕಾಲೇಜಿನ ಕಲ್ಪನೆ ಭಾರತಕ್ಕೆ ಬಂದಾಗ ಧರ್ಮಸಭೆಯೂ ಕೈಜೋಡಿಸಿತು ಎಂಬುದು ನಮಗೆ ಸಂತೋಷದ ವಿಷಯ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯ ಒಂದನ್ನು ತೆರೆಯಿತು. 1996ರಲ್ಲಿ ಮದ್ರಾಸ್-ಮೈಲಾಪುರ ಮಹಾಧರ್ಮಪ್ರಾಂತ್ಯ ಮತ್ತೊಂದನ್ನು. ಯೇಸುಸಭೆಯ ವಂದನೀಯ ಜೇವಿಯರ್ ಅಲ್ಫೋನ್ಸ್‌ರವರು ಈ ಪ್ರಯತ್ನದ ಮುಂದಾಳುಗಳಲ್ಲಿ ಒಬ್ಬರು. ಓದು ಅರ್ಧಕ್ಕೆ ನಿಂತವರಿಗೆ, ಬಡವರಿಗೆ, ಹೆಣ್ಣುಮಕ್ಕಳಿಗೆ ಅಲ್ಪಾವಧಿಯಲ್ಲಿ ಒಂದು ವೃತ್ತಿಯನ್ನೂ ಬದುಕುವ ಧೈರ್ಯವನ್ನೂ ಕಲಿಸುವುದು ಅದರ ಉದ್ದೇಶ. ನಮ್ಮ ಎರಡು ತಾಲ್ಲೂಕುಗಳಲ್ಲಿ ಆ ಪಾತ್ರವನ್ನು ಬಹುಮಟ್ಟಿಗೆ ಪಾಲಿಟೆಕ್ನಿಕ್ಕುಗಳೂ ಐಟಿಐಗಳೂ ನಿರ್ವಹಿಸುತ್ತಿವೆ.

ಕೈಯ ಕೆಲಸ ಕೀಳೇ?

ಮೇಸ್ತ್ರಿಯವರ ಮಾತು ನನ್ನನ್ನು ಆ ವಾರವೆಲ್ಲ ಕಾಡಿತು. ಅವರು ಕಟ್ಟಿದ ಗೋಡೆಗಳು ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳನ್ನು ಹೊತ್ತು ನಿಂತಿವೆ. ಅಂತಹ ಕೈಗಳಿಗೇ ತಮ್ಮ ಕೆಲಸದ ಮೇಲೆ ಜಿಗುಪ್ಸೆ ಬಂದದ್ದಾದರೂ ಹೇಗೆ?

ದೋಷ ಹಳೆಯದು. ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿಗಳು ಚಿಂತನೆಯನ್ನು ಸ್ವತಂತ್ರ ಪುರುಷನ ಪಾಲಿಗೂ ಕೈಕೆಲಸವನ್ನು ಗುಲಾಮರ ಪಾಲಿಗೂ ಹಂಚಿಬಿಟ್ಟಿದ್ದರು. ನಮ್ಮ ನಾಡಿನಲ್ಲಿ ಜಾತಿಯ ಏಣಿ ಅದೇ ಕೆಲಸ ಮಾಡಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕ ತತ್ತ್ವದಿಂದ ಆ ಏಣಿಯನ್ನು ಅಲುಗಾಡಿಸಿದರು. ನಮ್ಮ ವಿಶ್ವಾಸಕ್ಕೂ ಇದು ಹೊಸದಲ್ಲ. ನಜರೇತಿನ ಮನೆಯಲ್ಲಿ ಬದುಕಿದವರು ಒಬ್ಬ ಬಡಗಿ ಮತ್ತು ಬಡಗಿಯ ಮಗ. ಸಂತ ಪೌಲರು ಗುಡಾರ ಮಾಡುವ ಕಸುಬಿನಿಂದ ತಮ್ಮ ಅನ್ನ ಸಂಪಾದಿಸಿದರು. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1955ರಲ್ಲಿ ಮೇ ಒಂದನ್ನು ಶ್ರಮಿಕರಾದ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಎರಡನೆಯ ಜಾನ್ ಪೌಲ್‌ರವರು 1981ರಲ್ಲಿ ದುಡಿಮೆಯನ್ನು ಕುರಿತೇ ಒಂದು ವಿಶ್ವಪತ್ರ ಬರೆದರು. ದುಡಿಮೆಯ ಘನತೆಯನ್ನು ಅಳೆಯಬೇಕಾದದ್ದು ಮೊದಲಿಗೆ ಕೆಲಸದ ಬಗೆಯಿಂದಲ್ಲ, ಅದನ್ನು ಮಾಡುವವನು ಒಬ್ಬ ಮಾನವ ವ್ಯಕ್ತಿ ಎಂಬುದರಿಂದ ಎಂಬುದೇ ಅದರ ತಿರುಳು.

ಸಂತ ಜಾನ್ ಬೋಸ್ಕೊರವರ ಉದಾಹರಣೆ ಇಲ್ಲಿ ಉಪಯುಕ್ತ. ತೂರಿನ್ ನಗರದ ಅನಾಥ ಹುಡುಗರನ್ನು ಕಸುಬು ಕಲಿಯಲು ಕಳುಹಿಸುವಾಗ ಅವರು ಕೇವಲ ಆಶೀರ್ವದಿಸಿ ಕಳುಹಿಸಲಿಲ್ಲ, ಯಜಮಾನರೊಡನೆ ಲಿಖಿತ ಕರಾರು ಮಾಡಿಕೊಂಡರು. 1852ರಲ್ಲಿ ಒಬ್ಬ ಬಡಗಿಯೊಡನೆ ಆದ ಕರಾರಿನಲ್ಲಿ ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು, ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಬಾರದು, ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳಿದ್ದವು. ಮುಂದಿನ ವರ್ಷ ತಮ್ಮಲ್ಲಿಯೇ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಹುಡುಗರನ್ನು ಕೈಕೆಲಸಕ್ಕೆ ಕಳುಹಿಸುವುದು ಅವರಿಗೆ ಕೈಬಿಡುವುದಾಗಿರಲಿಲ್ಲ. ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಮಗನನ್ನು ಕಳುಹಿಸುವ ಪೋಷಕರು ಕೆಲಸದ ಅವಧಿ, ಸಂಭಾವನೆ, ಸುರಕ್ಷತೆಗಳನ್ನು ಅದೇ ಎಚ್ಚರದಿಂದ ವಿಚಾರಿಸಬೇಕು.

ವಿವೇಕದ ಮೂರು ಹೆಜ್ಜೆಗಳು

ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳಿವೆ ಎನ್ನುತ್ತಾರೆ ಸಂತ ತೋಮಸ್ ಅಕ್ವಿನಾಸ್: ಮೊದಲು ಸಮಾಲೋಚನೆ, ನಂತರ ನಿರ್ಣಯ, ಕೊನೆಗೆ ನಿರ್ಣಯವನ್ನು ಕಾರ್ಯಗತಗೊಳಿಸುವ ಆಜ್ಞೆ. ನಮ್ಮ ಮನೆಗಳಲ್ಲಿ ಆಗುವುದೇನು? ಆಜ್ಞೆ ಮೊದಲು ಬರುತ್ತದೆ. ಸಮಾಲೋಚನೆ ಮಗು ನಪಾಸಾದ ಮೇಲೆ ಬರುತ್ತದೆ. ಮತ್ತೊಬ್ಬರಿಂದ ಕಲಿಯುವ ಮನಸ್ಸೂ ವಿವೇಕದ ಒಂದು ಅಂಗ, ಹಿರಿಯರೂ ಅದಕ್ಕೆ ಹೊರತಲ್ಲ ಎಂದು ಅದೇ ಸಂತರು ಹೇಳುತ್ತಾರೆ.

ಆದ್ದರಿಂದ ಮುಂದಿನ ಭಾನುವಾರ ನಾನೇ ಮೇಸ್ತ್ರಿಯವರ ಮನೆಗೆ ಹೋದೆ. ತಂದೆ, ತಾಯಿ, ಹುಡುಗ ಕುಳಿತರು. ತಿಳಿದುಕೊಂಡದ್ದನ್ನೆಲ್ಲ ಮುಂದಿಟ್ಟೆ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭುವೇ ಕೇಳಿದ್ದಾರೆ. ಮೇಸ್ತ್ರಿಗೆ ಆ ಮಾತು ಬೇರೆಯವರಿಗಿಂತ ಬೇಗ ಅರ್ಥವಾಯಿತು. ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿ ಬರೆದೆವು. ಒಂದು ಕಡೆ ಎರಡು ವರ್ಷದ ಶುಲ್ಕ, ಹಾಸ್ಟೆಲ್, ತರಬೇತಿ, ಸಾಲದ ಬಡ್ಡಿ, ಅದಾದ ಮೇಲೆ ಸೀಟು ಸಿಕ್ಕರೆ ನಾಲ್ಕು ವರ್ಷದ ಬಿ.ಇ. ಮತ್ತೊಂದು ಕಡೆ ಪಾಲಿಟೆಕ್ನಿಕ್ಕಿನ ಶುಲ್ಕ ಮತ್ತು ದಿನದ ಬಸ್ ಪ್ರಯಾಣ. ಮೊದಲ ಅಂಕಣ ಹಾಳೆಯ ಕೆಳಗಿನವರೆಗೂ ಇಳಿಯಿತು.

ಅಷ್ಟರಲ್ಲಿ ಕಾಫಿ ತಂದಿಟ್ಟ ಹಿರಿಯ ಮಗಳು ಒಳಗೆ ಹೋಗದೆ ಬಾಗಿಲ ಬಳಿ ನಿಂತಳು. ಆಕೆ ಅದೇ ವರ್ಷ ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಳು, ಮೊದಲ ದರ್ಜೆ. ಮುಂದೇನಮ್ಮ ಎಂದು ಕೇಳಿದೆ. ತಂದೆಯ ಕಡೆ ಒಮ್ಮೆ ನೋಡಿ, "ನರ್ಸಿಂಗ್ ಮಾಡಬೇಕು ಅಂತ ಇದೆ ಸ್ವಾಮಿ. ಈ ವರ್ಷ ತಮ್ಮನಿಗೇ ಆಗುತ್ತದೆ, ನೀನು ಮನೆಯಲ್ಲಿರು ಅಂದಿದ್ದಾರೆ" ಎಂದಳು.

ಯಾರೂ ಮಾತನಾಡಲಿಲ್ಲ. ಆ ಹಾಳೆಯಲ್ಲಿ ನಾವು ಬರೆಯದೆ ಬಿಟ್ಟಿದ್ದ ಖರ್ಚು ಅದು. ಬಯಸದ ಮಗನಿಗಾಗಿ ಅಡವಾಗಲಿದ್ದ ಗದ್ದೆಯ ಜೊತೆಗೆ, ಬಯಸಿದ ಮಗಳ ಓದೂ ಅಡವಾಗಲಿತ್ತು. ಮೇಸ್ತ್ರಿಯವರು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತ ಕುಳಿತಿದ್ದರು. ಅವರು ಮಗಳನ್ನು ಪ್ರೀತಿಸದ ತಂದೆಯಲ್ಲ. ಮಗನ ಭವಿಷ್ಯ ಎಂಬುದು ಕಣ್ಣ ಮುಂದೆ ಅಷ್ಟು ದೊಡ್ಡದಾಗಿ ನಿಂತಿದ್ದರಿಂದ ಅದರ ಹಿಂದೆ ನಿಂತ ಮಗಳು ಕಾಣಿಸಿರಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಹೀಗಿಲ್ಲ?

ಪೋಷಕರಿಗೆ ಕೆಲವು ಮಾತು

ಅನುಭವದಿಂದ ಕೆಲವು ಸೂಚನೆಗಳನ್ನು ಕೊಡಬಯಸುತ್ತೇನೆ. ಮೊದಲನೆಯದಾಗಿ, ಅರ್ಜಿ ಹಾಕುವ ಮೊದಲು ಮಗುವಿನೊಡನೆ ಆಯಾ ಸಂಸ್ಥೆಗೆ ಹೋಗಿ ಬನ್ನಿ. ಪಾಲಿಟೆಕ್ನಿಕ್ಕಿನ ಕಾರ್ಯಾಗಾರವನ್ನು ನೋಡಲಿ, ಪಿಯು ಕಾಲೇಜಿನ ಪ್ರಯೋಗಾಲಯವನ್ನೂ ನೋಡಲಿ. ಅಲ್ಲಿ ಓದುತ್ತಿರುವ ನಮ್ಮ ಊರಿನ ಮಕ್ಕಳನ್ನು ಮಾತನಾಡಿಸಲಿ. ಜಾಹೀರಾತಿನ ಫಲಕದಲ್ಲಿ ನಗುವ ರ‍್ಯಾಂಕ್ ವಿಜೇತರು ಎಷ್ಟು ಮಂದಿ ಎಂಬುದನ್ನಲ್ಲ, ಸೇರಿದವರಲ್ಲಿ ತೇರ್ಗಡೆಯಾದವರು ಎಷ್ಟು ಮಂದಿ ಎಂಬುದನ್ನು ಕೇಳಿ.

ಎರಡನೆಯದಾಗಿ, ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನದ ಪಿಯುಸಿಯಲ್ಲಾಗಲಿ ಡಿಪ್ಲೊಮಾದಲ್ಲಾಗಲಿ ಮೊದಲ ಆರು ತಿಂಗಳು ಇಂಗ್ಲಿಷಿನ ಬೆಟ್ಟ ಹತ್ತಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿ, ಬೇಸಿಗೆಯ ರಜೆಯಲ್ಲಿಯೇ ಸಿದ್ಧತೆ ಮಾಡಿಸಿ. ಅವರಿಗಾಗಿ ಸಿಇಟಿಯಲ್ಲಿ ಮೀಸಲಾತಿಯೂ ಇದೆ: ಒಂದರಿಂದ ಹತ್ತರವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5. ಅದರ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಕೊನೆಯ ವಾರಕ್ಕೆ ಬಿಡದೆ ಮಾಡಿಸಿಟ್ಟುಕೊಳ್ಳಿ. ಕಾಗದವಿಲ್ಲದೆ ಸೀಟು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಮೂರನೆಯದಾಗಿ, ದೂರ ಎಂಬ ಕಾರಣಕ್ಕೆ ಹೆಣ್ಣುಮಕ್ಕಳ ಓದು ನಿಲ್ಲಿಸಬೇಡಿ. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟಿನ ಹಣವಿಲ್ಲ. ನಂಜನಗೂಡಿನಿಂದಾಗಲಿ ನರಸೀಪುರದಿಂದಾಗಲಿ ಮೈಸೂರಿಗೆ ದಿನವೂ ಹೋಗಿ ಬರುವುದು ಅಸಾಧ್ಯವಾದ ದೂರವೇನಲ್ಲ. ಡಿಪ್ಲೊಮಾ, ಐಟಿಐಗಳು ಗಂಡುಮಕ್ಕಳಿಗೆ ಮಾತ್ರ ಎಂಬ ಭಾವನೆಯನ್ನೂ ಬಿಡಬೇಕು. ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿಭಾಗಗಳಲ್ಲಿ ನಮ್ಮ ಹುಡುಗಿಯರು ಚೆನ್ನಾಗಿಯೇ ಓದುತ್ತಿದ್ದಾರೆ.

ಕೊನೆಯದಾಗಿ, ಆರಿಸಿದ ದಾರಿಯಲ್ಲಿ ಮಗು ಎಡವಿದರೆ ಅದನ್ನು ಮನೆಯ ಮಾನಕ್ಕೆ ಬಂದ ಕುಂದೆಂದು ಎಣಿಸಬೇಡಿ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮೈಸೂರಿನಲ್ಲಿಯೇ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ದುಡಿಯುತ್ತಲೇ ಪದವಿ ಓದುವವರಿಗೆ ಬಾಗಿಲು ತೆರೆದಿದೆ. ಹದಿನಾರನೆಯ ವಯಸ್ಸಿನ ತೀರ್ಮಾನ ಮುಖ್ಯವಾದದ್ದೇ. ಆದರೆ ಅದು ಅಂತಿಮ ತೀರ್ಪಲ್ಲ. ಅಂತಿಮ ತೀರ್ಪು ಕೊಡುವವರು ಬೇರೆ ಇದ್ದಾರೆ, ಅವರು ಅಂಕಪಟ್ಟಿ ಕೇಳುವುದಿಲ್ಲ.

ಮೇಸ್ತ್ರಿಯವರ ಗದ್ದೆ ಅಡವಾಗಲಿಲ್ಲ. ಮಗಳು ನರ್ಸಿಂಗ್ ಸೇರಿದಳು. ಮಗ ಡಿಪ್ಲೊಮಾ ಸೇರಿದ. ಅವನ ಕಥೆ ಸುಲಭವಾಗಿ ಸಾಗಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ಸೆಮಿಸ್ಟರಿನಲ್ಲಿ ಗಣಿತವೇ ಅವನಿಗೆ ಕೈಕೊಟ್ಟಿತು. ಲೆಕ್ಕ ಬರುತ್ತಿತ್ತು, ಪ್ರಶ್ನೆಯ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಪುಸ್ತಕ ಹಿಡಿದು ನನ್ನಲ್ಲಿಗೆ ಬರತೊಡಗಿದ. ನಾನು ವಾಕ್ಯವನ್ನು ಬಿಡಿಸಿ ಹೇಳುತ್ತಿದ್ದೆ, ಅವನು ಲೆಕ್ಕವನ್ನು ಬಿಡಿಸುತ್ತಿದ್ದ. ಮುಂದಿನ ಪರೀಕ್ಷೆಯಲ್ಲಿ ಉಳಿದ ವಿಷಯವನ್ನು ಪಾಸು ಮಾಡಿದ. ಕೆಲವು ತಿಂಗಳ ನಂತರ ನಮ್ಮ ದೇವಾಲಯದ ನೀರಿನ ಮೋಟಾರು ಕೆಟ್ಟಾಗ ತಂದೆ ಮಗ ಇಬ್ಬರೂ ಬಂದರು. ಮಗ ಮೋಟಾರು ಬಿಚ್ಚಿದ. ತಂದೆ, ಹೇಳದಿದ್ದರೂ, ಅದರ ಕೆಳಗಿನ ಬಿರುಕು ಬಿಟ್ಟ ಸಿಮೆಂಟ್ ಕಟ್ಟೆಯನ್ನು ಕಿತ್ತು ಹೊಸದಾಗಿ ಕಟ್ಟಿದರು. ನೀರು ಮೇಲೇರಿದಾಗ ಮೇಸ್ತ್ರಿಯವರು ತಮ್ಮ ಕೈ ತೊಳೆದುಕೊಳ್ಳುತ್ತ, "ಕಟ್ಟೆ ಮಟ್ಟವಾಗಿಲ್ಲದಿದ್ದರೆ ಇವನ ಮೋಟಾರೂ ನಿಲ್ಲುವುದಿಲ್ಲ ಸ್ವಾಮಿ" ಎಂದರು.

ಈ ಮೇ ತಿಂಗಳಿನಲ್ಲಿ ಅಂಕಪಟ್ಟಿ ಹಿಡಿದು ಬರುವ ಪ್ರತಿಯೊಬ್ಬ ತಂದೆತಾಯಿಗೂ ನನ್ನ ಮೊದಲ ಪ್ರಶ್ನೆ ಒಂದೇ: ಮನೆಯ ಮಕ್ಕಳನ್ನೆಲ್ಲ ಕೂರಿಸಿಕೊಂಡು, ನಿಮಗೇನು ಇಷ್ಟ ಎಂದು ಕೇಳಿದ್ದೀರಾ? ಕೇಳಿರದಿದ್ದರೆ ಇಂದು ಸಂಜೆಯ ಜಪಸರ ಮುಗಿದ ಮೇಲೆ ಕೇಳಿರಿ.